ಐದು ದಿನ, ಮೂರು ಕಿಲೋಮೀಟರ್ ಕಡಲು

ಬುಧವಾರ

ರಾತ್ರಿ ಬೆಂಗಳೂರು ಬಿಟ್ಟ ರೈಲು ಬೆಳಗಾಗುವ ಹೊತ್ತಿಗೆ ಮಂಗಳೂರು ದಾಟಿ ನೇತ್ರಾವತಿ ಸೇತುವೆಯ ಮೇಲೆ ಬಂತು. ಜೊತೆಯವರಿಬ್ಬರನ್ನೂ ಎಬ್ಬಿಸಿ ಬಲಗಡೆಯ ಕಿಟಕಿಗೆ ಕೂರಿಸಿದೆ. ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ. ಈ ದಾರಿಯಲ್ಲಿ ಬಲಗಡೆ ಕೂತವರಿಗೆ ಕಡಲು ಸಿಗುತ್ತದೆ. ತೆಂಗಿನ ಮರಗಳ ಸಂದಿಯಲ್ಲಿ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ.

ಭಾನುವಾರ ಕುಂಬಳೆಗೂ ಮೊಗ್ರಾಲಿಗೂ ನಡುವಿನ ಒಂದು ಕಡಲ ಕರೆಯಲ್ಲಿ ಮೂರು ಕಿಲೋಮೀಟರ್ ಈಜು ಇತ್ತು. ದೊಡ್ಡ ಸ್ಪರ್ಧೆ ಅಲ್ಲ, ಬಹುಮಾನದ ದುಡ್ಡೂ ಇಲ್ಲ. ಊರಿನ ಹುಡುಗರೂ ಮೀನುಗಾರರೂ ಸೇರಿ ನಮ್ಮಂಥ ಹವ್ಯಾಸಿಗಳಿಗಾಗಿ ನಡೆಸುವಂಥದ್ದು. ಐವತ್ತೆರಡು ಜನ ಹೆಸರು ಕೊಟ್ಟಿದ್ದರು. ಅದರಲ್ಲಿ ನಾವು ಮೂವರು. ನಾನು, ಮೈಸೂರಿನಲ್ಲಿ ನನ್ನ ಜೊತೆ ಈಜುವ ಬ್ಯಾಂಕಿನ ಗೆಳತಿ, ಮತ್ತೆ ಅರುವತ್ತೆರಡು ವರ್ಷದ ನಮ್ಮ ಗಣಿತದ ಮೇಷ್ಟ್ರು. ಕೆಲಸದಿಂದ ನಿವೃತ್ತರಾದ ಮೇಲೆ ಈಜು ಕಲಿತವರು ಅವರು.

ನನಗೆ ಈ ಈಜು ಬೇಕೇ ಬೇಕಾಗಿತ್ತು. ಹೋದ ವರ್ಷ ಬೇರೊಂದು ಕಡೆ ಕಡಲಿಗಿಳಿದು ಅರ್ಧದಲ್ಲೇ ಕೈ ಎತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಶುರುವಾಗಬೇಕಾದ್ದು ಹತ್ತೂವರೆಗೆ ಶುರುವಾಯಿತು. ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು, ನೀರು ಎಲ್ಲ ಕಡೆಯಿಂದಲೂ ಮುಖಕ್ಕೆ ಹೊಡೆಯುತ್ತಿತ್ತು. ಒಂದೂವರೆ ಕಿಲೋಮೀಟರಿನಲ್ಲಿ ದೋಣಿಯವರು ನನ್ನನ್ನು ಎಳೆದು ಮೇಲೆ ಹಾಕಿದರು. ದೋಣಿಯಲ್ಲಿ ಕೂತು ದಡಕ್ಕೆ ಬರುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ಆಮೇಲೆ ನಾನು ಯಾರಿಗೂ ಹೇಳದೆ ಬಸ್ ಹತ್ತಿ ಬಂದುಬಿಟ್ಟೆ. ಆ ದಿನ ಒಂದು ವರ್ಷ ನನ್ನೊಳಗೆ ಹಾಗೇ ಕೂತಿತ್ತು.

ಕಾಸರಗೋಡಿನಲ್ಲಿ ಇಳಿದು ಬದಿಯಡ್ಕದ ಬಸ್ ಹಿಡಿದೆವು. ಅಮ್ಮನ ಮನೆ ಅಡಿಕೆ ತೋಟದ ನಡುವೆ. ಗುಡ್ಡದ ಬದಿಯ ಸುರಂಗದಿಂದ ನೀರು ಬಂದು ತೋಟದ ಕೆರೆಗೆ ಬೀಳುತ್ತದೆ. ಈ ಸುರಂಗಗಳ ಬಗ್ಗೆ ಜೊತೆಯವರಿಗೆ ಬಾಯಿತುಂಬ ಹೇಳಿದೆ. ಕೆಂಪು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಾಗಿ ಹೋಗುವಷ್ಟು ಕೊರೆದು ಒರತೆ ಹುಡುಕುತ್ತಾರೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿಯೇ ಹೊರಗೆ ಹರಿಯುತ್ತದೆ.

ನಾನು ಈಜು ಕಲಿತದ್ದು ಅದೇ ಕೆರೆಯಲ್ಲಿ. ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಜೋಡಿ ಕಟ್ಟಿ, ಹೊಟ್ಟೆ ಕೆಳಗೆ ಕೊಟ್ಟು, ಅಜ್ಜ ನೀರಿಗೆ ಬಿಡುತ್ತಿದ್ದರು. ಈಗ ಕಡಲಿಗೆ ಇಳಿಯುವಾಗ ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿಕೊಳ್ಳುತ್ತೇವೆ. ಒಂದೂವರೆ ಮೀಟರ್ ಹಗ್ಗದಲ್ಲಿ ಅದು ಹಿಂದೆ ಹಿಂದೆ ತೇಲಿ ಬರುತ್ತದೆ. ದೋಣಿಯವರಿಗೆ ನಮ್ಮ ತಲೆ ಕಾಣದಿದ್ದರೂ ಚೀಲ ಕಾಣುತ್ತದೆ, ಸುಸ್ತಾದರೆ ಹಿಡಿದುಕೊಳ್ಳಲೂಬಹುದು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿ, "ಅಜ್ಜನ ಕಾಯಿಯೇ ಅಲ್ವಾ ಇದು?" ಎಂದರು.

ಅಮ್ಮನಿಗೆ ಎಪ್ಪತ್ತು ದಾಟಿದೆ. ಹುಟ್ಟಿದಾಗಿನಿಂದ ಕಡಲು ಹತ್ತಿರದಲ್ಲೇ ಇದೆ. ಆದರೆ ಮೊಣಕಾಲಿಗಿಂತ ಮೇಲೆ ಕಡಲ ನೀರು ಅವರಿಗೆ ತಾಗಿಲ್ಲ. ತೋಟದವರಿಗೆ ಕಡಲೆಂದರೆ ದೂರದಿಂದ ಕೈಮುಗಿಯುವ ಜಾಗ.

ಗುರುವಾರ

ಬೆಳಿಗ್ಗೆ ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋದೆವು. ಮುರಕಲ್ಲಿನ ಗುಡ್ಡದ ಮೇಲೆ ಕೆರೆ, ಕೆರೆಯ ನಡುವೆ ದೇವಸ್ಥಾನ. ಇಲ್ಲಿನ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಊರಿಗೆ ಊರೇ ಬಂದು ಕಣ್ಣೀರು ಹಾಕಿತ್ತು. ಮಾರನೇ ವರ್ಷ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ನಾನು ಚಿಕ್ಕವಳಿದ್ದಾಗ ಬಬಿಯಾನನ್ನು ನೋಡಿದ್ದೇನೆ. ಮೈಯೆಲ್ಲ ನೀರಿನಡಿ, ಮೇಲೆ ಎರಡು ಕಣ್ಣು ಮಾತ್ರ.

ಕಡಲಲ್ಲಿ ಈಜುವವರು ದಿಕ್ಕು ನೋಡಲು ತಲೆ ಎತ್ತುವುದೂ ಹೀಗೆಯೇ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಕುತ್ತಿಗೆ ಹಿಡಿಯುತ್ತದೆ, ಓಟ ನಿಲ್ಲುತ್ತದೆ. ಕಣ್ಣು ನೀರಿನಿಂದ ಮೇಲೆ ಬಂದರೆ ಸಾಕು. ಒಂದು ಕ್ಷಣ ಮುಂದೆ ನೋಡಬೇಕು, ಹಾಗೇ ಮುಖ ಬದಿಗೆ ತಿರುಗಿಸಿ ಉಸಿರೆಳೆದು ಮತ್ತೆ ನೀರಿಗೆ. ಎಂಟು ಹತ್ತು ಕೈಗೆ ಒಮ್ಮೆ. ಕೊಳದಲ್ಲಿ ನೆಲಕ್ಕೆ ಬಳಿದ ಕಪ್ಪು ಗೆರೆ ನೋಡಿಕೊಂಡು ಹೋಗುತ್ತೇವೆ. ಕಡಲಲ್ಲಿ ಗೆರೆ ಇಲ್ಲ. ಕೆಳಗೆ ನೋಡಿದರೆ ಹಸಿರು ಮಬ್ಬು, ಅಷ್ಟೆ. ನೇರ ಹೋಗುತ್ತಿದ್ದೇನೆ ಅಂದುಕೊಂಡವರು ಗೊತ್ತಿಲ್ಲದೆ ಒಂದು ಕಡೆಗೆ ಬಾಗುತ್ತಾರೆ. ಒಂದು ಕೈಗಿಂತ ಇನ್ನೊಂದು ಕೈಗೆ ಬಲ ಜಾಸ್ತಿ ಇರುತ್ತದಲ್ಲ. ಮೂರು ಕಿಲೋಮೀಟರಿನ ಈಜು ಹಾಗೇ ಮೂರೂವರೆ ಆಗಿಬಿಡುತ್ತದೆ.

ಸಂಜೆ ಕಡಲ ಕರೆಗೆ ಹೋದೆವು. ಭಾನುವಾರ ದೋಣಿಗಳನ್ನು ನೋಡಿಕೊಳ್ಳುವ ಹಿರಿಯರು ಬಲೆಯ ಹರಿದ ಕಣ್ಣು ಹೊಲಿಯುತ್ತ ಕೂತಿದ್ದರು. ಮೊಗವೀರರು. ಹದಿನಾಲ್ಕನೇ ವಯಸ್ಸಿನಿಂದ ಕಡಲಿಗೆ ಹೋದವರು. ಎಲ್ಲರಿಗೂ ಅವರು ಅಜ್ಜ. ನಮ್ಮೊಡನೆ ಕನ್ನಡ, ಮೊಮ್ಮಗನೊಡನೆ ತುಳು, ದಾರಿಯಲ್ಲಿ ಹೋದ ಮೀನಿನ ಟೆಂಪೋದವನೊಡನೆ ಮಲಯಾಳ. ನಮ್ಮ ಕಡೆ ಇದು ಯಾರಿಗೂ ವಿಶೇಷ ಅಲ್ಲ. ಆದರೆ ಮೈಸೂರಿನ ಗೆಳತಿ ಕಣ್ಣರಳಿಸಿ ಕೇಳುತ್ತಿದ್ದಳು. ಈಜುವುದಕ್ಕೆ ತುಳುವಿನಲ್ಲಿ ನೀಂದುನಿ, ಮಲಯಾಳದಲ್ಲಿ ನೀಂದಲ್. ನಮ್ಮ ತೆರೆ ಅಲ್ಲಿ ತಿರ. ಕಡಲು ಮಾತ್ರ ಎಲ್ಲರಿಗೂ ಕಡಲೇ.

ಅಜ್ಜ ನಮ್ಮನ್ನು ನೀರಿನ ಕಡೆ ಬೆನ್ನು ಮಾಡಿ ನಿಲ್ಲಿಸಿದರು. "ಕಡಲು ಆಮೇಲೆ ನೋಡುವಾ. ಮೊದಲು ದಡ ನೋಡಿ."

ಎದುರಿಗೆ ತೆಂಗಿನ ಸಾಲು. ಅದರಲ್ಲಿ ಒಂದು ಮರ ಕಡಲಿನ ಕಡೆಗೆ ಬಾಗಿತ್ತು. ಅದರ ಹಿಂದೆ ದೂರದಲ್ಲಿ, ಗುಡ್ಡದ ಮೇಲೆ ಮೊಬೈಲ್ ಟವರ್. ಅಜ್ಜ ನಮ್ಮ ಭುಜ ಹಿಡಿದು ಅತ್ತಿತ್ತ ಸರಿಸಿ, ಟವರ್ ಸರಿಯಾಗಿ ತೆಂಗಿನ ತಲೆಯ ಹಿಂದೆ ಬರುವಂತೆ ನಿಲ್ಲಿಸಿದರು.

"ಒಂದು ಗುರುತು ಸಾಲದು, ಎರಡು ಬೇಕು. ಒಂದರ ಹಿಂದೆ ಒಂದು. ಟವರು ತೆಂಗಿನ ಎಡಕ್ಕೆ ಸರಿದರೆ ನೀವು ಎಡಕ್ಕೆ ಹೋದಿರಿ ಅಂತ ಲೆಕ್ಕ. ಬಲಕ್ಕೆ ಬನ್ನಿ. ಎರಡೂ ಕೂಡಿದರೆ ನೀವು ದಾರಿಯಲ್ಲಿದ್ದೀರಿ."

ಅವರ ಕಾಲದಲ್ಲಿ ಟವರ್ ಇರಲಿಲ್ಲ. ಗುಡ್ಡದ ನೆತ್ತಿ, ಮಸೀದಿಯ ಮಿನಾರ, ದೊಡ್ಡ ಮಾವಿನ ಮರ. ಕಡಲೊಳಗೆ ಮೀನು ಸಿಗುವ ಜಾಗವನ್ನೂ, ಬಲೆ ಹರಿಯುವ ಕಲ್ಲಿನ ಜಾಗವನ್ನೂ ಹೀಗೇ ಎರಡೆರಡು ಗುರುತು ಕೂಡಿಸಿ ನೆನಪಿಟ್ಟುಕೊಳ್ಳುತ್ತಿದ್ದರು. ನಾನು ಐದು ವರ್ಷದಿಂದ ಈಜುತ್ತಿದ್ದೇನೆ, ವಿಡಿಯೋಗಳನ್ನು ನೋಡಿದ್ದೇನೆ, ಹಣ ಕೊಟ್ಟು ತರಬೇತಿಗೂ ಹೋಗಿದ್ದೇನೆ. ಇಷ್ಟು ಸುಲಭವಾಗಿ, ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಗಾಳಿಯ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಳಗಿನ ಜಾವಕ್ಕೆ ಮೂಡುಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ಹತ್ತಿರ ನೀರು ಎಣ್ಣೆಯ ಹಾಗೆ ಮಲಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಪಡುಗಾಳಿ. ಆಮೇಲೆ ಈಜುವ ಮಾತಿಲ್ಲ. ಹೋದ ವರ್ಷ ಹತ್ತೂವರೆಗೆ ನೀರಿಗಿಳಿದ ನನಗೆ ಏನಾಗಿತ್ತು ಅಂತ ಈಗ ಅರ್ಥವಾಯಿತು.

ಕತ್ತಲಾಗುವ ಮೊದಲು ಸುಮ್ನೆ ಒಂದು ಮುಳುಗು ಹಾಕಿ ಬಂದೆವು. ಅಷ್ಟರಲ್ಲೇ ಗೆಳತಿಯ ಮೊಣಕೈಗೆ ಲೋಳೆಮೀನು ಸವರಿತು. ಹುರಿ ಬಾರಿಸಿದ ಹಾಗೆ ಕೆಂಪು ಗೆರೆ. ಅವಳು ಮರಳು ಹಾಕಿ ಉಜ್ಜಲು ಹೋದಳು, ಅಜ್ಜನ ಮೊಮ್ಮಗ ಕೈ ಹಿಡಿದು ತಡೆದ. ಉಜ್ಜಿದರೆ ಅಂಟಿಕೊಂಡ ವಿಷದ ಎಳೆಗಳು ಇನ್ನೂ ಸಿಡಿಯುತ್ತವೆ. ಕಡಲ ನೀರಲ್ಲೇ ತೊಳೆಯಬೇಕು, ಸಿಹಿನೀರು ಬೇಡ. ಮನೆಗೆ ಹೋಗಿ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಮೊಣಕೈ ಅದ್ದಿ ಕೂತಳು. ಅರ್ಧ ಗಂಟೆಯಲ್ಲಿ ಉರಿ ಇಳಿಯಿತು.

ಶುಕ್ರವಾರ

ಬೆಳಿಗ್ಗೆ ಆರೂಮುಕ್ಕಾಲಿಗೆ ದಡದಲ್ಲಿದ್ದೆವು. ಮೂಡುಗಾಳಿ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ನೀರಿಗೆ ಕಾಲಿಟ್ಟರೆ ಬೆಚ್ಚಗೆ. ಡಿಸೆಂಬರಿನಲ್ಲೂ ನಮ್ಮ ಕಡಲು ಇಪ್ಪತ್ತೆಂಟು ಡಿಗ್ರಿ ಆಸುಪಾಸು ಇರುತ್ತದೆ. ಕುತ್ತಿಗೆಗೆ, ಕಂಕುಳಿಗೆ, ಬಟ್ಟೆಯ ಹೊಲಿಗೆ ತಾಗುವ ಕಡೆಯೆಲ್ಲ ವ್ಯಾಸಲೀನ್ ಹಚ್ಚಿಕೊಂಡೆವು. ಉಪ್ಪು ನೀರಿನಲ್ಲಿ ಚರ್ಮ ಉಜ್ಜಿ ಉಜ್ಜಿ ಗಾಯವಾಗುತ್ತದೆ. ಗೊತ್ತಾಗುವುದು ಆಮೇಲೆ, ಮನೆಯಲ್ಲಿ ಸ್ನಾನಕ್ಕೆ ನಿಂತಾಗ.

ತೆರೆ ಒಡೆಯುವ ಜಾಗ ದಾಟುವುದು ಮೊದಲ ಕೆಲಸ. ಎದುರು ನಿಂತರೆ ಅದು ಕೆಡವುತ್ತದೆ. ತೆರೆ ಮುರಿಯುವ ಮುಂಚೆ ಅದರ ಬುಡಕ್ಕೆ ಮುಳುಗಬೇಕು, ಕೈಯಲ್ಲಿ ಮರಳು ಹಿಡಿಯಬೇಕು, ತಲೆಯ ಮೇಲೆ ಅದು ಉರುಳಿಹೋದ ಮೇಲೆ ಏಳಬೇಕು. ಹೀಗೆ ಮೂರು ಸಲ. ನಾಲ್ಕನೆಯದು ಮುರಿಯದೆ ಸುಮ್ನೆ ನಮ್ಮನ್ನು ಎತ್ತಿ ಇಳಿಸಿತು. ಅಲ್ಲಿಂದಾಚೆ ಕಡಲು ಬೇರೆಯೇ. ಸದ್ದಿಲ್ಲ. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪಿರುವ ನೀರು ನಮ್ಮನ್ನು ಎತ್ತಿ ಹಿಡಿಯುತ್ತದೆ. ಕೆರೆಯಲ್ಲಿ ಮುಳುಗುವ ಕಾಲು ಇಲ್ಲಿ ತಾನಾಗಿ ತೇಲುತ್ತದೆ. ಕೈ ಬೀಸಿದರೆ ಬೆರಳ ತುದಿಯಿಂದ ಗುಳ್ಳೆಗಳು ಹಾರಿಹೋಗುವುದು ಕಾಣುತ್ತದೆ. ನನಗೆ ಜಗತ್ತಿನಲ್ಲಿ ಇದಕ್ಕಿಂತ ಇಷ್ಟವಾದದ್ದು ಜಾಸ್ತಿ ಇಲ್ಲ.

ಒಂದು ಕಿಲೋಮೀಟರ್ ದಡಕ್ಕೆ ಸಮವಾಗಿ ಈಜಿ ವಾಪಸ್ ತಿರುಗಿದೆವು. ಮೇಷ್ಟ್ರು ಮತ್ತು ಗೆಳತಿ ಸ್ವಲ್ಪ ಹಿಂದಿದ್ದರು. ನಾನು ದಡಕ್ಕೆ ಮುಖ ಮಾಡಿದೆ. ತೆಂಗು ಮತ್ತು ಟವರ್ ಕೂಡಿದ್ದವು, ದಾರಿ ಸರಿ ಇತ್ತು. ಇಪ್ಪತ್ತು ಕೈ ಹಾಕಿ ತಲೆ ಎತ್ತಿದೆ. ಇನ್ನೂ ಕೂಡಿದ್ದವು. ಮತ್ತೆ ಇಪ್ಪತ್ತು. ಕೂಡಿಯೇ ಇದ್ದವು. ಆದರೆ ತೆಂಗು ದೊಡ್ಡದಾಗುತ್ತಿರಲಿಲ್ಲ. ಮರದ ಬುಡದಲ್ಲಿ ಕವುಚಿ ಹಾಕಿದ ನೀಲಿ ದೋಣಿ ಮೊದಲು ಎಷ್ಟು ಕಂಡಿತ್ತೋ ಅಷ್ಟೇ ಕಾಣುತ್ತಿತ್ತು. ಇನ್ನೊಂದು ಹತ್ತು ಕೈ ಜೋರಾಗಿ ಹಾಕಿದೆ. ದೋಣಿ ಸಣ್ಣದಾಯಿತು.

ನೀರಿನೊಳಗೆ ಮುಖ ಇಟ್ಟೆ. ಮರಳಿನ ಕಣಗಳು ಹೊಗೆಯ ಹಾಗೆ ನನ್ನ ಬದಿಯಿಂದ ಕಡಲೊಳಕ್ಕೆ ಹೋಗುತ್ತಿದ್ದವು. ನಾನೂ ಅವುಗಳ ಜೊತೆಗೇ ಹೋಗುತ್ತಿದ್ದೆ.

ಇದನ್ನು ಸೆಳೆತ ಅನ್ನುತ್ತಾರೆ. ದಡಕ್ಕೆ ಬಂದು ಬಿದ್ದ ತೆರೆಯ ನೀರು ವಾಪಸ್ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬದಲ್ಲಿ ಎಲ್ಲಿ ಸಂದಿ ಇದೆಯೋ ಅಲ್ಲಿ ಒಟ್ಟಾಗಿ ಹೊಳೆಯ ಹಾಗೆ ಹೊರಗೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಅಲ್ಲಿ ತೆರೆ ಒಡೆಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಸ್ನಾನಕ್ಕೆ ಹುಡುಕಿಕೊಂಡು ಹೋಗುವುದೂ ಅದೇ ಜಾಗಕ್ಕೆ. ಇದರ ಎದುರು ಈಜಿ ಗೆದ್ದವರಿಲ್ಲ. ಸುಸ್ತಾಗಿ ಮುಳುಗಿದವರು ಎಷ್ಟೋ ಜನ. ಸೆಳೆತ ಯಾರನ್ನೂ ಕೆಳಗೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ ಅಷ್ಟೆ. ಅದು ಅಗಲದಲ್ಲಿ ಚಿಕ್ಕದು. ದಡಕ್ಕೆ ಸಮವಾಗಿ ಬದಿಗೆ ಈಜಿದರೆ ಹೊರಗೆ ಬರಬಹುದು.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಆದರೂ ಆ ಹೊತ್ತಿಗೆ ಮೈ ದಡಕ್ಕೇ ಹೋಗಬೇಕು ಅನ್ನುತ್ತದೆ. ದಡಕ್ಕೆ ಬೆನ್ನು ಹಾಕುವುದಿರಲಿ, ಬದಿಗೆ ತಿರುಗುವುದಕ್ಕೂ ಮನಸ್ಸು ಬರುವುದಿಲ್ಲ. ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಚೀಲ ಎಳೆದು ಎದೆಗೆ ಅವಚಿಕೊಂಡು ಹತ್ತು ಉಸಿರು ಎಣಿಸಿದೆ. ತೋಟದ ಕೆರೆಯಲ್ಲಿ ನನ್ನ ಅಜ್ಜನ ಕಾಯಿ ಅಪ್ಪಿಕೊಂಡದ್ದೂ ಹೀಗೆಯೇ. ಆಮೇಲೆ ಎಡಕ್ಕೆ, ಉತ್ತರದ ಕಡೆಗೆ ತಿರುಗಿ ನಿಧಾನವಾಗಿ ಈಜತೊಡಗಿದೆ. ಟವರ್ ತೆಂಗಿನಿಂದ ಎಡಕ್ಕೆ ಸರಿಯಿತು. ಸರಿಯಲಿ ಎಂದು ಬಿಟ್ಟೆ. ಇನ್ನೂ ಸರಿಯಿತು. ಎರಡರ ನಡುವೆ ಮೂರು ಮರ ಹಿಡಿಸುವಷ್ಟು ಜಾಗವಾದಾಗ ಮುಂದೆ ಬಿಳಿ ನೊರೆ ಕಂಡಿತು. ತೆರೆ ಒಡೆಯುತ್ತಿದೆ ಅಂದರೆ ಅಲ್ಲಿ ದಿಬ್ಬ ಇದೆ, ನೀರು ದಡಕ್ಕೆ ಹೋಗುತ್ತಿದೆ. ಅದರ ಜೊತೆ ತೇಲಿ ಬಂದೆ. ಕಾಲಿಗೆ ಮರಳು ತಾಗಿದಾಗ ಅಲ್ಲೇ ಕೂತುಬಿಟ್ಟೆ.

ಮೇಷ್ಟ್ರು ಮತ್ತು ಗೆಳತಿ ನಾನು ತಿರುಗಿದ್ದು ನೋಡಿ ಅವರೂ ತಿರುಗಿದ್ದರು. ಒಬ್ಬೊಬ್ಬರಾಗಿ ಬಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಜ್ಜ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅವರು ಎಲ್ಲ ನೋಡಿದ್ದರು. ಮೊಮ್ಮಗ ಆಗಲೇ ದೋಣಿಯ ಹಗ್ಗ ಬಿಚ್ಚಿ ನಿಂತಿದ್ದ. ಬೈಯುತ್ತಾರೇನೋ ಅಂದುಕೊಂಡೆ. ಅವರು ಬೇರೆಯೇ ಮಾತು ತೆಗೆದರು. ಅವರ ತಾಯಿ ಸಂಜೆ ಇದೇ ಜಾಗದಲ್ಲಿ ನಿಂತು ವಾಪಸ್ ಬರುವ ದೋಣಿ ಎಣಿಸುತ್ತಿದ್ದರಂತೆ. ಬೆಳಿಗ್ಗೆ ಎಷ್ಟು ಹೋದವು, ಸಂಜೆ ಎಷ್ಟು ಬಂದವು. ತಮ್ಮ ಮನೆಯ ದೋಣಿ ಬಂದ ಮೇಲೂ ಹೋಗುತ್ತಿರಲಿಲ್ಲ. ಲೆಕ್ಕ ಕೂಡುವ ತನಕ ಒಲೆ ಹಚ್ಚುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ. ಉಪ್ಪು ಹಾಕಿದ ಗಂಜಿಯ ತಿಳಿಗಿಂತ ಒಳ್ಳೆಯ ಪಾನೀಯ ಈಜುವವರಿಗೆ ನಾನು ಕಂಡಿಲ್ಲ. ಬಣ್ಣದ ಪುಡಿಗಳನ್ನು ಎಷ್ಟೋ ಕುಡಿದು ನೋಡಿದ್ದೇನೆ.

ಜಗಲಿಯಲ್ಲಿ ಕೂತು ಮೇಷ್ಟ್ರು ಆರತಿ ಸಾಹಾ ಅವರ ಕಥೆ ಹೇಳಿದರು. 1958ರಲ್ಲಿ ಮಿಹಿರ್ ಸೇನ್ ಇಂಗ್ಲಿಷ್ ಕಾಲುವೆ ಈಜಿ ದಾಟಿದರು. ಮಾರನೇ ವರ್ಷ ಆರತಿ ಹೋದರು. ಆಗ ಹದಿನೆಂಟು ವರ್ಷ ಅವರಿಗೆ. 1959ರ ಆಗಸ್ಟ್‌ನ ಮೊದಲ ಪ್ರಯತ್ನದಲ್ಲಿ ದಡ ಇನ್ನೇನು ಕೆಲವೇ ಮೈಲಿ ಇರುವಾಗ ಎದುರು ಸೆಳವಿಗೆ ಸಿಕ್ಕಿ ಬಿಟ್ಟುಬಿಡಬೇಕಾಯಿತು. ಒಂದು ತಿಂಗಳು ಕಳೆದು ಸೆಪ್ಟೆಂಬರ್ 29ರಂದು ಮತ್ತೆ ಇಳಿದರು. ಹದಿನಾರು ಗಂಟೆ ಇಪ್ಪತ್ತು ನಿಮಿಷ. ಕಾಲುವೆ ದಾಟಿದ ಏಷ್ಯಾದ ಮೊದಲ ಹೆಂಗಸು. "ಆ ಮಧ್ಯದ ಒಂದು ತಿಂಗಳು ಹೇಗೆ ಕಳೆದರೋ" ಎಂದರು ಮೇಷ್ಟ್ರು. ನನ್ನ ಕಡೆ ನೋಡಲಿಲ್ಲ. ಅವರಿಗೆ ನನ್ನ ಹೋದ ವರ್ಷದ ವಿಷಯ ಗೊತ್ತು.

ಶನಿವಾರ

ಈಜು ಬೇಡ, ಮೈಗೆ ವಿಶ್ರಾಂತಿ ಬೇಕು ಅಂತ ಬೇಕಲಕ್ಕೆ ಹೋದೆವು. ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ, ಪಾಲಕುನ್ನು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ನಲವತ್ತು ಎಕರೆ ಹರವಿನ ಮುರಕಲ್ಲು, ಮೂರು ಕಡೆ ಕಡಲು. ಕೋಟೆಯ ಚಂದ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ನನಗೆ ಬೇಕಾಗಿದ್ದು ಅಲ್ಲಿನ ಎತ್ತರ. ಬುರುಜಿನ ಮೇಲೆ ನಿಂತು ಕೆಳಗಿನ ನೀರು ನೋಡಿದೆ. ಬಿಳಿ ನೊರೆಯ ಸಾಲು ಉದ್ದಕ್ಕೆ ಹೋಗಿ ಒಂದು ಕಡೆ ತುಂಡಾಗಿತ್ತು. ಆ ತುಂಡಿನಲ್ಲಿ ನೀರು ಕಡು ಬಣ್ಣ. ಅಲ್ಲಿಂದ ಮರಳು ಬೆರೆತ ಕಂದು ನಾಲಿಗೆಯೊಂದು ಕಡಲೊಳಕ್ಕೆ ಚಾಚಿತ್ತು. ನಿನ್ನೆ ನನ್ನನ್ನು ಹಿಡಿದದ್ದು ಇಂಥದ್ದೇ. ಮೇಲಿನಿಂದ ನೋಡಿದರೆ ಅಗಲ ಒಂದು ರಸ್ತೆಯಷ್ಟು, ಅಷ್ಟೇ. ನೀರಿನ ಒಳಗಿದ್ದಾಗ ಅದು ಇಡೀ ಕಡಲಾಗಿತ್ತು.

ಸಂಜೆ ನಾಲ್ಕಕ್ಕೆ ಕಡಲ ಕರೆಯಲ್ಲಿ ಎಲ್ಲರನ್ನೂ ಕೂರಿಸಿ ನಿಯಮ ಹೇಳಿದರು. ಡಾಕ್ಟರ ಪತ್ರ ನೋಡಿದರು, ಒಪ್ಪಿಗೆಯ ಕಾಗದಕ್ಕೆ ಸಹಿ ತೆಗೆದುಕೊಂಡರು. ತ್ರಿಕೋನದ ದಾರಿ, ಒಂದು ಸುತ್ತು ಒಂದೂವರೆ ಕಿಲೋಮೀಟರ್, ಎರಡು ಸುತ್ತು. ದಾರಿ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬುರುಡೆಗಳು ಯಾವಾಗಲೂ ಎಡಗೈ ಕಡೆ. ನಾಲ್ಕು ದೋಣಿ, ಎರಡು ಕಯಾಕ್. ಕಷ್ಟವಾದರೆ ಅಂಗಾತ ತೇಲಿ ಒಂದು ಕೈ ಎತ್ತಬೇಕು. ನೀರಿನ ಬಿಸಿ ಮೂವತ್ತೊಂದು ಡಿಗ್ರಿ ದಾಟಿದರೆ ದೊಡ್ಡ ಸ್ಪರ್ಧೆಗಳಲ್ಲೂ ಈಜು ನಡೆಸುವುದಿಲ್ಲ, ಮೈ ಒಳಗೆ ಕಾದುಬಿಡುತ್ತದೆ. ಅಂದು ಅಳೆದಾಗ ಇಪ್ಪತ್ತೆಂಟು ಇತ್ತು. ದಿನವನ್ನೂ ಅಷ್ಟಮಿಯ ಹತ್ತಿರಕ್ಕೆ ಇಟ್ಟಿದ್ದರು. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಇಳಿತ ಜೋರು, ಅಷ್ಟಮಿಯ ಆಸುಪಾಸು ಅದು ತೀರ ಕಮ್ಮಿ.

ಕೊನೆಗೆ ಅಜ್ಜ ಎದ್ದು ನಿಂತು ಒಂದೇ ಮಾತು ಹೇಳಿದರು. "ಈಜಿ ಮುಗಿಸಿ, ಮುಗಿಸದೆ ಬನ್ನಿ, ಅದು ನಿಮ್ಮ ಇಷ್ಟ. ಎಲ್ಲಿ ಮೇಲೆ ಬಂದರೂ ನನ್ನ ಹತ್ತಿರ ಬಂದು ನಂಬರ್ ಹೇಳಿ ಹೋಗಬೇಕು."

ಭಾನುವಾರ

ಅಮ್ಮ ಬರುತ್ತೇನೆ ಎಂದರು. ನಾನು ಕೇಳಿರಲಿಲ್ಲ. ನಾಲ್ಕು ಗಂಟೆಗೆ ಎದ್ದು ಗಂಜಿ ಮಾಡಿ ದೊಡ್ಡ ತಪ್ಪಲೆಗೆ ಬಟ್ಟೆ ಕಟ್ಟಿ ಜೀಪಿನಲ್ಲಿ ಇಡಿಸಿದರು.

ಮಾರ್ಕರ್ ಪೆನ್ನಿನಲ್ಲಿ ತೋಳಿಗೆ ನಂಬರ್ ಬರೆದರು. ನನ್ನದು ಹತ್ತೊಂಬತ್ತು. ಎಲ್ಲರಿಗೂ ಹಳದಿ ಟೋಪಿ. ಅಜ್ಜನ ಕೈಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್. ನೀರಿಗೆ ಇಳಿಯುವ ಒಬ್ಬೊಬ್ಬರ ತೋಳು ಮುಟ್ಟಿ ಓದಿ ಗೆರೆ ಎಳೆದರು. ಐವತ್ತೆರಡು ಗೆರೆ. ಏಳೂ ಕಾಲಿಗೆ ಸರಿಯಾಗಿ ವಿಸಿಲ್.

ಮೊದಲ ಇನ್ನೂರು ಮೀಟರ್ ಕೈಗೆ ಕೈ, ಕಾಲಿಗೆ ಮುಖ. ನಾನು ಬೇಕೆಂದೇ ಹಿಂದೆ ಉಳಿದೆ. ಗುಂಪು ಚದುರಿದ ಮೇಲೆ ಒಬ್ಬರ ಪಾದದ ಹಿಂದೆ ಸೇರಿಕೊಂಡೆ. ಮುಂದಿನವರು ನೀರು ಸೀಳುವಾಗ ಹಿಂದಿನವರಿಗೆ ಕೆಲಸ ಹಗುರ. ಇದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಅವರು ದಾರಿ ತಪ್ಪಿದರೆ ನಾವೂ ತಪ್ಪುತ್ತೇವೆ. ಎರಡನೇ ಬುರುಡೆಯ ಹತ್ತಿರ ಅವರು ಬಾಗತೊಡಗಿದರು, ನಾನು ಬಿಟ್ಟು ಬೇರೆಯಾದೆ.

ಅಲ್ಲಿಂದ ದಡದ ಕಡೆಗೆ ದಾರಿ. ತಲೆ ಎತ್ತಿದರೆ ಏನೂ ಕಾಣುವುದಿಲ್ಲ. ಸೂರ್ಯ ಮರಗಳ ಮೇಲಕ್ಕೆ ಬಂದಿದ್ದ, ಕನ್ನಡಕದ ತುಂಬ ಬೆಳಕು. ಮುಗಿಯುವ ಜಾಗದಲ್ಲಿ ಕೆಂಪು ಬಾವುಟ ನೆಟ್ಟಿದ್ದರು, ಅದೂ ಇಲ್ಲ. ಆದರೆ ತೆಂಗು ಕಂಡಿತು. ಬೆಳಕಿನ ಎದುರು ಕಪ್ಪಗೆ, ಬಾಗಿಕೊಂಡು. ಅದರ ಪಕ್ಕ ಕಡ್ಡಿಯ ಹಾಗೆ ಟವರ್, ಸ್ವಲ್ಪ ಬಲಕ್ಕೆ. ನಾನೂ ಬಲಕ್ಕೆ ಹೋಗಿದ್ದೆ ಅಂತ ಅರ್ಥ. ಎಡಕ್ಕೆ ಬಂದೆ. ಹತ್ತು ಕೈ. ಕೂಡಿದವು. ಪಡುವಣ ಕರೆಯಲ್ಲಿ ಬೆಳಿಗ್ಗೆ ದಡಕ್ಕೆ ಬರುವವರ ಕಣ್ಣಿಗೆ ಸೂರ್ಯ ಹೊಡೆಯುತ್ತದೆ ಅಂತ ಅಜ್ಜನಿಗೆ ಗೊತ್ತಿತ್ತು. ಅದಕ್ಕೇ ಅವರು ಬಾವುಟ ತೋರಿಸದೆ ಮರ ತೋರಿಸಿದ್ದು.

ಎರಡನೇ ಸುತ್ತಿನಲ್ಲಿ ಒಂದೂವರೆ ಕಿಲೋಮೀಟರ್ ದಾಟಿದ್ದು ಗೊತ್ತಾಯಿತು. ಹೋದ ವರ್ಷ ದೋಣಿ ಹತ್ತಿದ ಜಾಗ. ಭುಜ ನೋಯುತ್ತಿತ್ತು, ನಾಲಿಗೆ ಉಪ್ಪಿಗೆ ದಪ್ಪಗಾಗಿತ್ತು. ನಾನು ಏನನ್ನೂ ಯೋಚಿಸಲಿಲ್ಲ. ಒಂದು, ಎರಡು, ಮೂರು, ಎಂಟಕ್ಕೆ ಕಣ್ಣು. ಒಂದು, ಎರಡು, ಮೂರು. ಪಕ್ಕದಲ್ಲಿ ಕಯಾಕಿನ ಹುಡುಗ "ಲಾಯ್ಕುಂಟು, ಲಾಯ್ಕುಂಟು" ಎನ್ನುತ್ತ ಸ್ವಲ್ಪ ದೂರ ಜೊತೆಗೆ ಬಂದ.

ಒಂದು ಗಂಟೆ ಇಪ್ಪತ್ತಾರು ನಿಮಿಷಕ್ಕೆ ನನ್ನ ಕೈ ಮರಳಿಗೆ ತಾಗಿತು. ಕಾಲು ನಡುಗುತ್ತಿತ್ತು. ಅಜ್ಜ ಸೊಂಟದ ಮಟ್ಟದ ನೀರಿನಲ್ಲೇ ನಿಂತಿದ್ದರು. ತೋಳು ನೋಡಿ ಹತ್ತೊಂಬತ್ತರ ಗೆರೆಗೆ ಅಡ್ಡ ಗೆರೆ ಎಳೆದರು. ಅಮ್ಮ ಸೀರೆ ಎತ್ತಿ ಹಿಡಿದು ಅವರ ಹಿಂದೆಯೇ ನಿಂತಿದ್ದರು. ತೆರೆ ಬಂದು ಅವರ ಸೊಂಟದ ತನಕ ಒದ್ದೆ ಮಾಡಿತು. ಅವರು ಕದಲಲಿಲ್ಲ.

ಗೆಳತಿ ನನಗಿಂತ ಮೊದಲೇ ಬಂದಿದ್ದಳು. ಮೇಷ್ಟ್ರು ಒಂದು ಗಂಟೆ ಐವತ್ತು ನಿಮಿಷಕ್ಕೆ ಈಜು ಮುಗಿಸಿ ಬಂದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರ ಹಿಂದೆ ಇನ್ನು ಯಾರೂ ಕಾಣಲಿಲ್ಲ. ಹುಡುಗರು ಬುರುಡೆ ಎಳೆಯಲು ಹೊರಟರು. ಅಜ್ಜ ಕೈ ಎತ್ತಿ ನಿಲ್ಲಿಸಿದರು.

"ಐವತ್ತೊಂದೇ ಆದದ್ದು. ಮೂವತ್ತೇಳು ಬಂದಿಲ್ಲ."

ದಡದಲ್ಲಿ ಮಾತು ನಿಂತುಹೋಯಿತು. ನಾಲ್ಕು ದೋಣಿಗಳೂ ವಾಪಸ್ ನೀರಿಗೆ ಹೋದವು. ಗಾಳಿ ಬದಲಾಗುತ್ತಿತ್ತು, ನೀ‌ರಿನ ಮೇಲೆ ಸಣ್ಣ ಸಣ್ಣ ಸುಕ್ಕು ಏಳುತ್ತಿತ್ತು. ಮೈಕಿನಲ್ಲಿ ನಂಬರ್ ಕೂಗಿದರು. ಒಬ್ಬರು ಅಳತೊಡಗಿದರು. ಅಜ್ಜ ಮಾತ್ರ ಉತ್ತರದ ಕಡೆಗೆ ದಡದ ಮರಳನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ಕರೆದು, "ಅಲ್ಲಿ ಕರಿಕಲ್ಲಿನ ತಡೆಗೋಡೆ ಉಂಟಲ್ಲ, ಅದರ ಆಚೆ ನೋಡಿ ಬನ್ನಿ" ಎಂದರು.

ಓಡಿದೆ. ಅರ್ಧ ಕಿಲೋಮೀಟರ್ ಇರಬಹುದು. ತಡೆಗೋಡೆಯ ಆಚೆ ಕವುಚಿ ಹಾಕಿದ ಹಳೆ ದೋಣಿಯ ನೆರಳಿನಲ್ಲಿ ಒಬ್ಬ ಹುಡುಗ ಕೂತಿದ್ದ. ಕಾಲೇಜಿಗೆ ಹೋಗುವ ವಯಸ್ಸು. ತೋಳಿನಲ್ಲಿ ಮೂವತ್ತೇಳು. ಟೋಪಿ ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದ. ಒಂದನೇ ಸುತ್ತಿನಲ್ಲೇ ಕೈ ಸೋತಿತ್ತು. ಎಲ್ಲರ ಎದುರು ಬರಲಾಗದೆ ಇಲ್ಲಿ ಹತ್ತಿ ಬಂದು ಕೂತಿದ್ದ.

ನಾನು ಪಕ್ಕದಲ್ಲಿ ಕೂತೆ. ಹೋದ ವರ್ಷದ ನನ್ನ ಬಸ್ಸಿನ ವಿಷಯ ಹೇಳಿದೆ. ಅದುವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಆ ದಿನ ಅಲ್ಲಿ ನನ್ನ ನಂಬರ್ ಹಿಡಿದುಕೊಂಡು ಯಾರಾದರೂ ಹೀಗೆ ಹುಡುಕಿದ್ದರೇನೋ ಅಂತ ನನಗೆ ಹೊಳೆದದ್ದೂ ಆಗಲೇ. ಅವನು ಸ್ವಲ್ಪ ಹೊತ್ತಿನ ಮೇಲೆ ಎದ್ದ. ಇಬ್ಬರೂ ನಡೆದುಕೊಂಡು ಬಂದೆವು.

ಅಜ್ಜ ಅವನನ್ನು ಏನೂ ಕೇಳಲಿಲ್ಲ. ಅವನ ತೋಳು ಹಿಡಿದು, ನಂಬರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಕೊನೆಯ ಗೆರೆಗೆ ಅಡ್ಡ ಗೆರೆ ಎಳೆದರು. ನೋಟ್‌ಬುಕ್ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಗಳ ಕಡೆಗೆ ತಿರುಗಿ ಎರಡೂ ಕೈ ಬೀಸಿದರು. ದೋಣಿಗಳು ದಡಕ್ಕೆ ತಿರುಗಿದವು.

"ಗಂಜಿ ಉಂಟು, ಬಾ" ಎಂದರು ಅಮ್ಮ ಅವನಿಗೆ. ತಪ್ಪಲೆಯ ಬಟ್ಟೆ ಅಲ್ಲಿಯವರೆಗೂ ಬಿಚ್ಚಿರಲಿಲ್ಲ.